ಡಬ್ಬಿಯ ಮೇಲೆ ಬರೆಯದ ಪಾದರಸ

ಕೇರಳದ ಕೋಟ್ಟಕ್ಕಲ್ ಎಂದೊಡನೆ ನಮಗೆ ನೆನಪಾಗುವುದು ಆರ್ಯ ವೈದ್ಯ ಶಾಲೆ ಮತ್ತು ಅದರ ತೈಲ, ಕಷಾಯಗಳು. ಮಲಪ್ಪುರಂ ಜಿಲ್ಲೆಯ ಆ ಊರು ಈಚಿನ ವರ್ಷಗಳಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಬೇರೊಂದು ಕಾರಣಕ್ಕೆ. ಅಲ್ಲಿನ ಆಸ್ಟರ್ ಮಿಮ್ಸ್ ಆಸ್ಪತ್ರೆಯಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ಪ್ರಕರಣಗಳು ದಾಖಲಾದವು. ಅವುಗಳಲ್ಲಿ 15 ಮಂದಿಯದು ‘ನೆಲ್-1’ ಎಂಬ ಪ್ರೋಟೀನಿಗೆ ಸಂಬಂಧಿಸಿದ, ಸಾಮಾನ್ಯವಾಗಿ ಅಪರೂಪವೆನಿಸಿದ ಬಗೆ. ವೈದ್ಯರಾದ ಸಜೀಶ್ ಶಿವದಾಸ್ ಮತ್ತು ರಂಜಿತ್ ನಾರಾಯಣನ್ ಇದರ ಮೂಲವನ್ನು ಹುಡುಕಿದಾಗ, ಆ 15ರಲ್ಲಿ 13 ಮಂದಿ ರೋಗಲಕ್ಷಣ ಕಾಣಿಸಿಕೊಳ್ಳುವ ಮುನ್ನ ಮುಖ ಬೆಳ್ಳಗಾಗಲೆಂದು ಕ್ರೀಮು ಹಚ್ಚುತ್ತಿದ್ದ ಸಂಗತಿ ಹೊರಬಿತ್ತು. ‘ಕಿಡ್ನಿ ಇಂಟರ್‌ನ್ಯಾಷನಲ್’ ಎಂಬ ತಜ್ಞರ ಪತ್ರಿಕೆಯಲ್ಲಿ ಈ ವಿವರಗಳು ಪ್ರಕಟವಾದವು.

ಹದಿಮೂರು ದೊಡ್ಡ ಸಂಖ್ಯೆಯಲ್ಲ ನಿಜ. ಆದರೆ ಮೂತ್ರಪಿಂಡದ ರೋಗಿಯನ್ನು ‘ಮುಖಕ್ಕೆ ಏನು ಹಚ್ಚುತ್ತೀರಿ’ ಎಂದು ಕೇಳುವ ರೂಢಿ ನಮ್ಮ ಆಸ್ಪತ್ರೆಗಳಲ್ಲಿ ಇಲ್ಲ. ಒಂದು ಊರಿನ ಒಂದು ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ ಇಷ್ಟು ಉತ್ತರ ಸಿಕ್ಕಿತು. ಕೇಳದೆ ಬಿಟ್ಟ ಕಡೆಗಳಲ್ಲಿ ಏನಿದೆ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಈ ಕಾಯಿಲೆಯಲ್ಲಿ ಮೂತ್ರಪಿಂಡದ ಸೋಸುಪರದೆ ಹಾಳಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ಮೂತ್ರದಲ್ಲಿ ನೊರೆ ಕಾಣುತ್ತದೆ, ಕಾಲು ಊದಿಕೊಳ್ಳುತ್ತದೆ, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು ಬರುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಕೋಟ್ಟಕ್ಕಲ್‌ನ ರೋಗಿಗಳಲ್ಲಿ ಒಬ್ಬರಿಗೆ ಮಿದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟಿತ್ತು. ಕ್ರೀಮನ್ನು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು ಎಂಬುದು ಸಮಾಧಾನದ ಮಾತೂ ಹೌದು, ಸಾಕ್ಷ್ಯವೂ ಹೌದು.

ಅಪರಾಧಿ ಪಾದರಸ. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದರ ತಯಾರಿಕೆಯಲ್ಲಿ ಟೈರೋಸಿನೇಸ್ ಎಂಬ ಕಿಣ್ವದ್ದು ಮುಖ್ಯ ಪಾತ್ರ, ಆ ಕಿಣ್ವ ಕೆಲಸ ಮಾಡಬೇಕಾದರೆ ಅದರಲ್ಲಿ ತಾಮ್ರ ಇರಲೇಬೇಕು. ಪಾದರಸದ ಲವಣಗಳು ಆ ತಾಮ್ರವನ್ನು ಸ್ಥಾನಪಲ್ಲಟಗೊಳಿಸಿ ಕಿಣ್ವವನ್ನು ಕಟ್ಟಿಹಾಕುತ್ತವೆ, ಮೆಲನಿನ್ ಕಡಿಮೆಯಾಗುತ್ತದೆ. ಹಾಗಾಗಿ ಪಾದರಸ ಬೆರೆಸಿದ ಕ್ರೀಮು ಕೆಲಸ ಮಾಡುವುದಿಲ್ಲ ಎನ್ನುವಂತಿಲ್ಲ. ಅದು ಕೆಲಸ ಮಾಡುತ್ತದೆ, ಅದೂ ಬೇಗ ಮಾಡುತ್ತದೆ. ಅಪಾಯ ಇರುವುದೇ ಅಲ್ಲಿ. ಎರಡು ವಾರದಲ್ಲಿ ಕನ್ನಡಿ ಮೆಚ್ಚುವಂತೆ ಮಾಡಿದ ವಸ್ತುವನ್ನು ಯಾರು ತಾನೇ ಅನುಮಾನಿಸುತ್ತಾರೆ?

ಆದರೆ ಪಾದರಸ ಮುಖದಲ್ಲೇ ನಿಲ್ಲುವುದಿಲ್ಲ. ಚರ್ಮದ ಮೂಲಕ ಒಳಹೋಗುತ್ತದೆ, ಆವಿಯಾಗಿ ಉಸಿರಿನೊಡನೆಯೂ ಸೇರುತ್ತದೆ. ನಿರವಯವ ಪಾದರಸ ದೇಹದಲ್ಲಿ ಹೆಚ್ಚಾಗಿ ಹೋಗಿ ತಂಗುವುದು ಮೂತ್ರಪಿಂಡಗಳಲ್ಲಿ. ಹಚ್ಚಿಕೊಂಡವರ ಟವೆಲು, ದಿಂಬು, ಕೈಗಳ ಮೂಲಕ ಮನೆಯ ಇತರರಿಗೂ, ಮುಖ್ಯವಾಗಿ ಅಮ್ಮನ ಕೆನ್ನೆಗೆ ಕೆನ್ನೆ ಒತ್ತುವ ಮಗುವಿಗೂ ಅದು ದಾಟುತ್ತದೆ. ಬಸುರಿಯಲ್ಲಿ ಗರ್ಭದ ಕೂಸನ್ನೂ ಬಿಡುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಚರ್ಮಕ್ಕೆ ಹಚ್ಚುವ ವಸ್ತುಗಳ ಬಗ್ಗೆ ನಮ್ಮ ವಿದ್ಯಾವಂತ ಮಧ್ಯಮ ವರ್ಗದಲ್ಲಿ ಈಗ ಸಾಕಷ್ಟು ಆತಂಕ ಇದೆ. ಅಂಗಡಿಯಲ್ಲಿ ಬಾಟಲಿಯನ್ನು ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು ಸಣ್ಣಕ್ಷರಗಳನ್ನು ಓದುವವರನ್ನು ನೋಡಿದ್ದೇನೆ, ಮೆಚ್ಚಿಯೂ ಇದ್ದೇನೆ. ಆದರೆ ಆ ಆತಂಕ ಬಹುಮಟ್ಟಿಗೆ ಉಚ್ಚರಿಸಲು ಕಷ್ಟವಾದ ಹೆಸರುಗಳ ಸುತ್ತಲೇ ತಿರುಗುತ್ತಿದೆ. ‘ಕೆಮಿಕಲ್ ಫ್ರೀ’ ಎಂಬ ಹಣೆಪಟ್ಟಿ ಕಂಡರೆ ನೆಮ್ಮದಿ. ರಸಾಯನಶಾಸ್ತ್ರದ ಪಾಠ ಹೇಳಿ ವರ್ಷಗಳನ್ನು ಕಳೆದ ನನಗೆ ಈ ಮಾತು ಕೇಳಿದಾಗಲೆಲ್ಲ ನಗು ಬರುತ್ತದೆ. ನೀರೂ ರಾಸಾಯನಿಕವೇ, ಅರಿಶಿನದ ಕರ್ಕ್ಯುಮಿನ್ ಕೂಡ ರಾಸಾಯನಿಕವೇ. ಪಾದರಸವಂತೂ ಸಾಕ್ಷಾತ್ ಪ್ರಕೃತಿಯಲ್ಲೇ, ಇಂಗಲೀಕದ ಅದಿರಿನಲ್ಲಿ ಸಿಗುವ ಧಾತು!

ಲೇಬಲ್ಲಿನ ಮೇಲಿರುವ ಹೆಸರುಗಳೆಲ್ಲ ನಿರಪಾಯಕಾರಿ ಎಂದು ಇದರರ್ಥವಲ್ಲ. ಪ್ಯಾರಾಬೆನ್ ಗುಂಪಿನ ಐದು ಸಂರಕ್ಷಕಗಳನ್ನು ಐರೋಪ್ಯ ಒಕ್ಕೂಟ 2014ರಲ್ಲಿ ನಿಷೇಧಿಸಿತು, ಬಳಕೆಯಲ್ಲಿರುವ ಇನ್ನು ಕೆಲವಕ್ಕೆ ಮಿತಿ ಹಾಕಿ ಉಳಿಸಿಕೊಂಡಿತು. ಕೈತೊಳೆಯುವ ಸೋಪಿನ ಟ್ರೈಕ್ಲೋಸಾನ್‌ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ತಡೆ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2024ರಲ್ಲಿ ಟಾಲ್ಕನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. ನಮ್ಮ ಹೆಣ್ಣುಮಕ್ಕಳು ಹಣೆಗೆ ಅಂಟಿಸುವ ಬಿಂದಿಯ ಅಂಟಿನಲ್ಲಿದ್ದ ಒಂದು ಫೀನಾಲಿನಿಂದ ಹಣೆಯಲ್ಲಿ ಬಿಳಿ ಕಲೆ ಮೂಡುವುದನ್ನು ನಮ್ಮ ಚರ್ಮರೋಗ ತಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಇವೆಲ್ಲ ಚರ್ಚೆಗೆ ಅರ್ಹವಾದ ಸಂಗತಿಗಳೇ. ಆದರೆ ಇವುಗಳಲ್ಲಿ ಹೆಚ್ಚಿನವು ಲೇಬಲ್ಲಿನ ಮೇಲೆ ಬರೆದು ಮಾರುವ ವಸ್ತುಗಳು, ಇವುಗಳ ಬಗ್ಗೆ ಅಧ್ಯಯನ ನಡೆಯುತ್ತಿದೆ, ಬೇಡವೆಂದರೆ ಬಿಡಬಹುದು. ನಮ್ಮ ದೇಶದಲ್ಲಿ ಜನರನ್ನು ಆಸ್ಪತ್ರೆಗೆ ಸೇರಿಸುತ್ತಿರುವುದು ಲೇಬಲ್ಲಿನ ಮೇಲೆ ಇಲ್ಲದ ವಸ್ತು. ಜೊತೆಗೆ, ಲೇಬಲ್ಲಿನ ಮೇಲೆ ಇದ್ದೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ವಸ್ತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಕಾನೂನು ಇಲ್ಲವೆ ಎಂದರೆ, ಇದೆ. ಪಾದರಸದ ಸಂಯುಕ್ತ ಬೆರೆಸಿ ಸೌಂದರ್ಯವರ್ಧಕ ತಯಾರಿಸುವುದನ್ನು 2020ರ ಕಾಸ್ಮೆಟಿಕ್ಸ್ ನಿಯಮಗಳು ನಿಷೇಧಿಸುತ್ತವೆ. ಕಚ್ಚಾ ವಸ್ತುವಿನಿಂದ ಉದ್ದೇಶವಿಲ್ಲದೆ ಬಂದು ಸೇರಿದ್ದರೆ ಅದು ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದು. ಕಣ್ಣಿನ ಸುತ್ತ ಬಳಸುವ ವಸ್ತುಗಳಿಗೆ ಮಾತ್ರ ಈ ಮಿತಿ 70 ಭಾಗ. ಪಾದರಸ ಕುರಿತ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಆ ಒಪ್ಪಂದದ ಸದಸ್ಯ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಒಂದು ಭಾಗದ ರಿಯಾಯಿತಿಯನ್ನೂ ಕೈಬಿಟ್ಟು, ಪಾದರಸ ಸೇರಿಸಿದ ಎಲ್ಲ ಸೌಂದರ್ಯವರ್ಧಕಗಳ ತಯಾರಿಕೆ ಮತ್ತು ವ್ಯಾಪಾರವನ್ನು 2025ರ ವೇಳೆಗೆ ಕೊನೆಗಾಣಿಸಲು ತೀರ್ಮಾನಿಸಿದವು. ಮಿನಮಾಟ ಎಂಬುದು ಜಪಾನಿನ ಊರು. ಅಲ್ಲಿನ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಸಾವಿರಾರು ಜನರ ನರಮಂಡಲವನ್ನೇ ಕೆಡಿಸಿತ್ತು.

ಹತ್ತು ಲಕ್ಷದಲ್ಲಿ ಒಂದು ಭಾಗವೆಂದರೆ ಎಷ್ಟು? 25 ಗ್ರಾಮಿನ ಕ್ರೀಮಿನಲ್ಲಿ ಒಂದು ಮಿಲಿಗ್ರಾಮಿನ ನಲವತ್ತನೇ ಒಂದು ಪಾಲು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ 32 ಫೇರ್‌ನೆಸ್ ಕ್ರೀಮುಗಳನ್ನು ಪರೀಕ್ಷಿಸಿದಾಗ 14ರಲ್ಲಿ ಪಾದರಸ ಪತ್ತೆಯಾಯಿತು. ಆಗ ದೊಡ್ಡ ಸುದ್ದಿಯಾಗಿತ್ತು. ಆದರೆ ಅಲ್ಲಿ ಕಂಡ ಅತಿ ಹೆಚ್ಚಿನ ಪ್ರಮಾಣವೂ ಎರಡು ಭಾಗದೊಳಗೇ ಇತ್ತು. ಅದನ್ನು ಇದರ ಪಕ್ಕದಲ್ಲಿಟ್ಟು ನೋಡಿ: ‘ಝೀರೋ ಮರ್ಕ್ಯುರಿ ವರ್ಕಿಂಗ್ ಗ್ರೂಪ್’ ಎಂಬ ಅಂತರರಾಷ್ಟ್ರೀಯ ಕೂಟ 22 ದೇಶಗಳಲ್ಲಿ ಕೊಂಡ 338 ಕ್ರೀಮುಗಳನ್ನು ಪರೀಕ್ಷಿಸಿ 2019ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ 34ರಲ್ಲಿದ್ದ ಪಾದರಸ 93ರಿಂದ 16 ಸಾವಿರ ಭಾಗಗಳಿಗೂ ಮೀರಿತ್ತು. ಹದಿನಾರು ಸಾವಿರ ಭಾಗವೆಂದರೆ ನೂರಕ್ಕೆ ಒಂದೂವರೆಗಿಂತ ಹೆಚ್ಚು. 25 ಗ್ರಾಮಿನ ಡಬ್ಬಿಯಲ್ಲಿ 400 ಮಿಲಿಗ್ರಾಂ ಪಾದರಸ. ಇದು ಕಚ್ಚಾ ವಸ್ತುವಿನಿಂದ ಅಕಸ್ಮಾತ್ ಬಂದು ಸೇರಿದ್ದಲ್ಲ, ಅಳೆದು ಸುರಿದದ್ದು.

ಕೇರಳ ಸರ್ಕಾರ ಈ ವಿಚಾರದಲ್ಲಿ ಸುಮ್ಮನೆ ಕೂರಲಿಲ್ಲ. ಅಲ್ಲಿನ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ಆರಂಭಿಸಿತು, ಹಂತಹಂತವಾಗಿ ಮುಂದುವರಿಸಿತು. ಕೆಲವು ಮಾದರಿಗಳಲ್ಲಿ ಪಾದರಸ ಮಿತಿಗಿಂತ ಸುಮಾರು 12 ಸಾವಿರ ಪಟ್ಟು ಇದ್ದುದಾಗಿ 2025ರಲ್ಲಿ ಅಲ್ಲಿನ ಸರ್ಕಾರವೇ ಹೇಳಿತು. ಲಿಪ್‌ಸ್ಟಿಕ್ಕುಗಳೂ ಅದರಲ್ಲಿ ಸೇರಿದ್ದವು. ಮಲಪ್ಪುರಂ ನಮಗೆ ದೂರವಲ್ಲ. ನಾಡುಕಾಣಿ ಘಟ್ಟ ಹತ್ತಿ ಗೂಡಲೂರಿನ ಮೇಲೆ ಬಂದರೆ ಗುಂಡ್ಲುಪೇಟೆ. ಆ ದಾರಿಯಲ್ಲಿ ತರಕಾರಿ ಹೋಗುತ್ತದೆ, ಪ್ರವಾಸಿಗರು ಬರುತ್ತಾರೆ. ಅಲ್ಲಿ ಸಿಕ್ಕಿದಂಥ ಡಬ್ಬಿಗಳು ರಾಜ್ಯದ ಗಡಿ ನೋಡಿ ನಿಲ್ಲುತ್ತವೆಂದು ನಂಬಲು ನನಗಂತೂ ಕಾರಣ ಕಾಣುವುದಿಲ್ಲ.

ಕಾನೂನಿನಲ್ಲಿರುವ ಎರಡು ಕಿಂಡಿಗಳನ್ನು ಇಲ್ಲಿ ಗಮನಿಸಬೇಕು. ನಮ್ಮಲ್ಲಿ ಸೌಂದರ್ಯವರ್ಧಕ ತಯಾರಿಸಲು ಪರವಾನಗಿ ಬೇಕು, ಆಮದು ಮಾಡಿಕೊಳ್ಳಲು ನೋಂದಣಿ ಬೇಕು. ಆದರೆ ಮಾರಲು ಔಷಧದಂಗಡಿಗೆ ಬೇಕಾದಂಥ ಪರವಾನಗಿ ಬೇಕಿಲ್ಲ. ಬಳೆ, ರಿಬ್ಬನ್ ಮಾರುವ ಫ್ಯಾನ್ಸಿ ಸ್ಟೋರ್ಸ್‌ನಲ್ಲಿ, ಬ್ಯೂಟಿ ಪಾರ್ಲರಿನಲ್ಲಿ, ಸಂತೆಯಲ್ಲಿ, ಈಗ ಮೊಬೈಲಿನಲ್ಲಿ, ಯಾರು ಬೇಕಾದರೂ ಮಾರಬಹುದು. ಮಾರುವವರ ಪಟ್ಟಿಯೇ ಇಲ್ಲದ ಮೇಲೆ ಇನ್‌ಸ್ಪೆಕ್ಟರ್ ಎಲ್ಲಿಗೆ ಹೋಗಬೇಕು? ಎರಡನೆಯದು, ಡಬ್ಬಿಯ ಮೇಲೆ ಘಟಕಗಳ ಪಟ್ಟಿ ಕಡ್ಡಾಯ ಎಂಬ ನಿಯಮಕ್ಕೆ ಹಿಂದಿನಿಂದ ಬಂದ ಒಂದು ವಿನಾಯಿತಿ ಇದೆ. 60 ಮಿಲಿಲೀಟರಿಗಿಂತ ಕಡಿಮೆ ದ್ರವ, 30 ಗ್ರಾಮಿಗಿಂತ ಕಡಿಮೆ ಕ್ರೀಮು ಇರುವ ಸಣ್ಣ ಪೊಟ್ಟಣಗಳಿಗೆ ಆ ಪಟ್ಟಿ ಬೇಕಿಲ್ಲ. ಸಣ್ಣ ಪೊಟ್ಟಣವನ್ನು ಕೊಳ್ಳುವವರು ಯಾರು? ದಿನಗೂಲಿಯವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಹಾಸ್ಟೆಲಿನ ವಿದ್ಯಾರ್ಥಿಗಳು. ದೊಡ್ಡ ಬಾಟಲಿ ಕೊಳ್ಳಬಲ್ಲವರಿಗೆ ಓದುವ ಹಕ್ಕು, ಸಣ್ಣ ಪೊಟ್ಟಣ ಕೊಳ್ಳುವವರಿಗೆ ಅದೂ ಇಲ್ಲ. ಈ ವಿನಾಯಿತಿಯನ್ನು ಯಾವ ನ್ಯಾಯದಿಂದಲೂ ಸಮರ್ಥಿಸಲು ಬರುವುದಿಲ್ಲ.

ಇನ್ನು ಎರಡನೆಯ ವಸ್ತುವಿನ ಮಾತು. ಇದು ಸಂತೆಯ ಕಳ್ಳಮಾಲಲ್ಲ. ಪರವಾನಗಿ ಇರುವ ಕಂಪನಿ ತಯಾರಿಸಿ, ಪರವಾನಗಿ ಇರುವ ಔಷಧದಂಗಡಿಯಲ್ಲಿ, ನಮ್ಮ ನಿಮ್ಮಂಥವರಿಗೇ ಮಾರಾಟವಾಗುವ ಸ್ಟೀರಾಯ್ಡ್ ಮುಲಾಮು. ಹಾನಿಯ ವ್ಯಾಪ್ತಿಯಲ್ಲಿ ಇದು ಪಾದರಸಕ್ಕಿಂತ ದೊಡ್ಡದೆಂದು ನನ್ನ ಅನಿಸಿಕೆ.

ಬೀಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಮುಂತಾದವು ಒಳ್ಳೆಯ ಔಷಧಗಳೇ. ಇಸುಬು, ಸೋರಿಯಾಸಿಸ್‌ನಂಥ ರೋಗಗಳಿಗೆ ವೈದ್ಯರ ಕಣ್ಗಾವಲಿನಲ್ಲಿ ಇವು ಬೇಕು. ಮೊಗದ ಮೇಲಿನ ಕಂದು ಕಲೆಗೆ, ಅಂದರೆ ನಾವು ಭಂಗು ಎನ್ನುವ ಮೆಲಾಸ್ಮಕ್ಕೆ, ಅಮೆರಿಕದ ಕ್ಲಿಗ್ಮನ್ ಮತ್ತು ವಿಲ್ಲಿಸ್ 1975ರಲ್ಲಿ ಒಂದು ಸೂತ್ರ ಕೊಟ್ಟರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್. ಕೆಲವು ವಾರಗಳ ಮಟ್ಟಿಗೆ ಬಳಸಬೇಕಾದ ಈ ಮೂರರ ಮಿಶ್ರಣದ ದೇಶೀ ಅವತಾರಗಳು ನಮ್ಮಲ್ಲಿ ಫೇರ್‌ನೆಸ್ ಕ್ರೀಮಿನ ಸ್ಥಾನ ಪಡೆದವು. ಅಕ್ಕನಿಗೆ ವೈದ್ಯರು ಬರೆದುಕೊಟ್ಟ ಟ್ಯೂಬು ತಂಗಿಯ ಮದುವೆಗೆ, ಆಮೇಲೆ ಎದುರುಮನೆಯವರ ಮಗಳ ಕಾಲೇಜಿಗೆ. ಚೀಟಿ ಒಂದು, ಬಳಸಿದವರು ಹತ್ತು, ಬಳಸಿದ್ದು ವರ್ಷಗಟ್ಟಲೆ.

ಮೊದಮೊದಲು ಮುಖ ತಿಳಿಯಾಗುತ್ತದೆ, ಮೊಡವೆ ಅಡಗುತ್ತದೆ. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮೆಲನಿನ್ ಉತ್ಪಾದನೆಯನ್ನು ತಗ್ಗಿಸುತ್ತದೆ. ಕೆಲವು ತಿಂಗಳಲ್ಲಿ ಚರ್ಮ ತೆಳುವಾಗಿ ಕೆಂಪು ನರಗಳು ಜಾಲದಂತೆ ಕಾಣಿಸುತ್ತವೆ, ಹೆಂಗಸರ ಮುಖದ ಮೇಲೂ ಕೂದಲು ಮೂಡುತ್ತದೆ, ಬಿಸಿಲಿಗೆ ಹೋದರೆ ಉರಿ. ಹೆದರಿ ನಿಲ್ಲಿಸಿದರೆ ಮುಖವೆಲ್ಲ ಕೆಂಪೇರಿ ಬೆಂಕಿಯಿಟ್ಟಂತಾಗುತ್ತದೆ. ಮತ್ತೆ ಹಚ್ಚಿದರೆ ಶಮನ. ಇದು ಚಟದ ಲಕ್ಷಣ, ವ್ಯತ್ಯಾಸವೇನೆಂದರೆ ಇಲ್ಲಿ ಚಟ ಹಿಡಿದದ್ದು ಚರ್ಮಕ್ಕೆ. ಭಾರತದ ಚರ್ಮರೋಗ ತಜ್ಞರೇ 2008ರಲ್ಲಿ ಈ ಸ್ಥಿತಿಗೆ ‘ಸ್ಟೀರಾಯ್ಡಿನಿಂದ ಹಾನಿಗೊಂಡ ಮುಖ’ ಎಂಬ ಅರ್ಥದ ಹೆಸರನ್ನಿಟ್ಟರು. ರೋಗಕ್ಕೆ ಹೆಸರಿಡುವ ಅಗತ್ಯ ಇಲ್ಲಿ ಬಂತೆಂಬುದೇ ಒಂದು ಸಾಕ್ಷ್ಯ. ದೇಶದ ಹಲವು ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಗೆಂದು ಬಂದ 2,926 ಮಂದಿಯಲ್ಲಿ 433 ಮಂದಿ, ಎಂದರೆ ಸುಮಾರು ಶೇ 15ರಷ್ಟು ಮಂದಿ, ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಶೇ 29ರಷ್ಟು ಮಂದಿಗೆ ಅದು ಫೇರ್‌ನೆಸ್ ಕ್ರೀಮು, ಮಾಮೂಲಿ ಕ್ರೀಮು ಅಥವಾ ಕ್ಷೌರದ ನಂತರದ ಲೇಪ!

ಇದೇ ಮುಲಾಮನ್ನು ಹುಳುಕಡ್ಡಿಗೂ ಹಚ್ಚುತ್ತೇವೆ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಎಲ್ಲವನ್ನೂ ಬೆರೆಸಿದ ಟ್ಯೂಬುಗಳು ತುರಿಕೆಯನ್ನು ಒಂದೇ ರಾತ್ರಿಯಲ್ಲಿ ನಿಲ್ಲಿಸುತ್ತವೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಸಾಮಾನ್ಯ ಔಷಧಕ್ಕೆ ಬಗ್ಗದ ‘ಟ್ರೈಕೋಫೈಟಾನ್ ಇಂಡೋಟೈನಿಯೆ’ ಎಂಬ ಶಿಲೀಂಧ್ರ ಭಾರತ ಉಪಖಂಡದಲ್ಲಿ ಹರಡಿದ್ದಕ್ಕೆ ಇಂಥ ಮುಲಾಮುಗಳ ದುರ್ಬಳಕೆಯೂ ಒಂದು ಕಾರಣವೆಂದು ತಜ್ಞರು ಭಾವಿಸಿದ್ದಾರೆ. 2023ರಲ್ಲಿ ಅದು ನ್ಯೂಯಾರ್ಕಿನಲ್ಲೂ ಪತ್ತೆಯಾಯಿತು. ದೇಶದ ಹೆಸರನ್ನು ಹೊತ್ತ ಶಿಲೀಂಧ್ರ ಹೀಗೆ ವಿದೇಶಯಾತ್ರೆ ಮಾಡಿದೆ.

ಚರ್ಮರೋಗ ತಜ್ಞರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಕೂಡದ ಔಷಧಗಳ ‘ಶೆಡ್ಯೂಲ್ ಎಚ್’ ಪಟ್ಟಿಗೆ ಸ್ಪಷ್ಟವಾಗಿ ಸೇರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿದ 328 ಮಿಶ್ರ ಔಷಧಗಳಲ್ಲಿ ಇಂಥ ಹಲವು ಮುಲಾಮುಗಳೂ ಇದ್ದವು. ಆದೇಶ ಸರಿಯಾಗಿದೆ. ಆದರೆ ನೀವೇ ಒಮ್ಮೆ ಬಡಾವಣೆಯ ಔಷಧದಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಹೆಸರು ಹೇಳಿದರೆ, ಅಥವಾ ಖಾಲಿ ಟ್ಯೂಬು ತೋರಿಸಿದರೆ ಸಾಕು. ಚೀಟಿ ಕೇಳಿದ ಅಂಗಡಿಯವನನ್ನು ಗಿರಾಕಿಯೇ ಬೈದು ಪಕ್ಕದ ಅಂಗಡಿಗೆ ಹೋಗುವುದೂ ಉಂಟು. ಈ ವ್ಯಾಪಾರದಲ್ಲಿ ಬರೀ ಅಂಗಡಿಯವನು ತಪ್ಪಿತಸ್ಥ ಎನ್ನಲು ನನಗೆ ಮನಸ್ಸು ಒಪ್ಪದು.

ಯಾಕೆ ಇಷ್ಟೆಲ್ಲ? ಈ ಪತ್ರಿಕೆಯೂ ಸೇರಿದಂತೆ ಯಾವ ಕನ್ನಡ ಪತ್ರಿಕೆಯ ಭಾನುವಾರದ ವಧೂವರರ ಅಂಕಣವನ್ನು ತೆರೆದರೂ ಉತ್ತರ ಸಿಗುತ್ತದೆ. ಬಣ್ಣವನ್ನು ಹೇಳಲು ನಮ್ಮ ಭಾಷೆಗೆ ಪದಗಳ ಬಡತನ ಇರಲಿಲ್ಲ. ಕಾಣೆಯಾದವರ ಪೊಲೀಸ್ ಪ್ರಕಟಣೆಯನ್ನೇ ನೋಡಿ: ಎಣ್ಣೆಗೆಂಪು ಮೈಬಣ್ಣ, ಗೋಧಿ ಮೈಬಣ್ಣ, ಎಣ್ಣೆಗಪ್ಪು. ಇದ್ದದ್ದನ್ನು ಇದ್ದ ಹಾಗೆ ನೋಡಿ ಹೇಳಿದ ಪದಗಳು ಅವು. ಕಾಣೆಯಾದಾಗ ಎಣ್ಣೆಗೆಂಪಾಗಿ ಇರುವ ಹುಡುಗಿ, ವಧುವಾಗುವಾಗ ಮಾತ್ರ ಬೆಳ್ಳಗಿರಬೇಕು! ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂದು ಮೆಚ್ಚುವಾಗಲೂ ಆ ‘ಆದರೂ’ ಎಂಬುದನ್ನು ನಾವು ಬಿಟ್ಟವರಲ್ಲ.

1975ರಿಂದ ‘ಫೇರ್’ ಎಂಬ ಹೆಸರಿನಲ್ಲಿ ಮಾರಾಟವಾದ ಪ್ರಸಿದ್ಧ ಕ್ರೀಮೊಂದರಿಂದ ಹಿಂದುಸ್ತಾನ್ ಯೂನಿಲಿವರ್ ಕಂಪನಿ 2020ರಲ್ಲಿ ಆ ಪದವನ್ನು ತೆಗೆದು ‘ಗ್ಲೋ’ ಎಂದು ಸೇರಿಸಿತು. ಅಮೆರಿಕದಲ್ಲಿ ಕಪ್ಪುಜನರ ಪರ ಚಳವಳಿ ಭುಗಿಲೆದ್ದ ವರ್ಷ ಅದು. ನ್ಯಾಯವಾಗಿ ಹೇಳಬೇಕೆಂದರೆ ಆ ಕ್ರೀಮಿನ ಮುಖ್ಯ ಘಟಕ ನಿಯಾಸಿನಮೈಡ್, ಅದು ಬಿ3 ಜೀವಸತ್ವದ ಒಂದು ರೂಪ. ನಾನು ಇಲ್ಲಿ ಹೇಳುತ್ತಿರುವ ವಿಷಗಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ದಶಕಗಳ ಕಾಲ ಜಾಹೀರಾತು ಕಲಿಸಿದ ಪಾಠ, ಬೆಳ್ಳಗಾದರೆ ಕೆಲಸ, ಬೆಳ್ಳಗಾದರೆ ವರ ಎಂಬ ಪಾಠ, ಹೆಸರು ಬದಲಾದೊಡನೆ ಮರೆಯುವಂಥದಲ್ಲ. ನಿಧಾನವಾಗಿ ಕೆಲಸ ಮಾಡುವ ಕ್ರೀಮಿನಿಂದ ನಿರಾಶೆಗೊಂಡವರಿಗಾಗಿಯೇ ಬೇಗ ಕೆಲಸ ಮಾಡುವ ಡಬ್ಬಿ ಕಾದು ಕುಳಿತಿದೆ.

ನಮ್ಮ ರಾಜ್ಯದಲ್ಲಿ ಏನಾಗಬೇಕು? ಜಾಗೃತಿ ಮೂಡಿಸಬೇಕು ಎಂಬ ಮಾತನ್ನು ನಾನು ಹೇಳುವುದಿಲ್ಲ. ಪಾದರಸವನ್ನು ಕಣ್ಣಿನಿಂದ ಕಂಡುಹಿಡಿಯುವ ಜಾಗೃತಿ ಯಾರಿಗೂ ಇಲ್ಲ, ಅದಕ್ಕೆ ಪ್ರಯೋಗಾಲಯ ಬೇಕು. ಔಷಧ ನಿಯಂತ್ರಣ ಇಲಾಖೆ ಫ್ಯಾನ್ಸಿ ಅಂಗಡಿ, ಪಾರ್ಲರು ಮತ್ತು ಆನ್‌ಲೈನ್ ಮಾರಾಟಗಾರರಿಂದ ಕ್ರೀಮುಗಳನ್ನು ಕೊಂಡು ಪರೀಕ್ಷಿಸಿ, ಉತ್ತೀರ್ಣವಾದದ್ದು ಯಾವುದು, ಅಲ್ಲದ್ದು ಯಾವುದು ಎಂಬುದನ್ನು ಹೆಸರು, ಬ್ಯಾಚ್ ಸಂಖ್ಯೆ ಸಹಿತ ಕನ್ನಡದಲ್ಲಿ ನಿಯತವಾಗಿ ಪ್ರಕಟಿಸಲಿ. ಸ್ಟೀರಾಯ್ಡ್ ಮುಲಾಮುಗಳ ಖರೀದಿ ಬಿಲ್ಲನ್ನೂ ಅಂಗಡಿಯಲ್ಲಿರುವ ಚೀಟಿಯ ದಾಖಲೆಯನ್ನೂ ತಾಳೆ ನೋಡಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಸಣ್ಣ ಪೊಟ್ಟಣದ ವಿನಾಯಿತಿ ರದ್ದಾಗಬೇಕಾದರೆ ಮಾತ್ರ ಕೇಂದ್ರದ ಕೈ ಬೇಕು, ಅದನ್ನು ರಾಜ್ಯ ಬರೆದು ಕೇಳಬಹುದು. ಮೂತ್ರಪಿಂಡ ತಜ್ಞರು ಕೋಟ್ಟಕ್ಕಲ್‌ನ ಪ್ರಶ್ನೆಯನ್ನು ತಮ್ಮ ರೋಗಿಗಳಿಗೂ ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಓದುಗರು ತಮ್ಮ ಮನೆಯ ಕಪಾಟನ್ನೇ ಮೊದಲು ತೆರೆಯಬಹುದು. ಟ್ಯೂಬಿನ ಎಡಬದಿಯಲ್ಲಿ ಕೆಂಪು ಪಟ್ಟಿ ಇದ್ದರೆ ಅದು ಚೀಟಿಯ ಮೇಲೆ ಮಾರುವ ಔಷಧ, ಸೌಂದರ್ಯವರ್ಧಕವಲ್ಲ. ಹೆಸರಿನ ಕೊನೆಯಲ್ಲಿ ‘ಸೋನ್’, ‘ಸಾಲ್’ ಎಂದಿದ್ದರೆ ಸ್ಟೀರಾಯ್ಡ್ ಇರುವ ಸಂಭವ ಹೆಚ್ಚು. ತಿಂಗಳುಗಟ್ಟಲೆ ಹಚ್ಚಿದವರು ಈ ಲೇಖನ ಓದಿ ಇಂದೇ ದಿಢೀರನೆ ನಿಲ್ಲಿಸುವುದೂ ಬೇಡ. ಚರ್ಮರೋಗ ತಜ್ಞರನ್ನು ಕಂಡು ಹಂತಹಂತವಾಗಿ ಬಿಡಿ. ತಯಾರಕರ ವಿಳಾಸವಿಲ್ಲದ, ಭಾಷೆ ಅರ್ಥವಾಗದ, ವಾರದಲ್ಲಿ ಬಿಳುಪು ಕೊಟ್ಟ ಡಬ್ಬಿಯಾದರೆ ಮಾತು ಬೇರೆ, ಅದನ್ನು ಇಂದೇ ನಿಲ್ಲಿಸಿ. ಮುಖ, ಕಾಲು ಊದಿಕೊಂಡಿದ್ದರೆ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ, ಡಬ್ಬಿಯನ್ನೂ ವೈದ್ಯರಿಗೆ ತೋರಿಸಿ. ಆಮೇಲೆ ಅದನ್ನು ಬಚ್ಚಲಿಗೆ ಸುರಿಯಬೇಡಿ, ಹಸಿ ಕಸಕ್ಕೂ ಹಾಕಬೇಡಿ. ಒಡೆದ ಪಾದರಸದ ಥರ್ಮಾಮೀಟರನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು 2016ರ ಘನತ್ಯಾಜ್ಯ ನಿಯಮಗಳೇ ಹೆಸರಿಸಿದ್ದವು. ಅಂಥದೇ ವಸ್ತು ತುಂಬಿದ ಡಬ್ಬಿಯನ್ನೂ ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಏನೆಂದು ಹೇಳಿಯೇ ಕಸ ಒಯ್ಯುವವರ ಕೈಗೆ ಬೇರೆಯಾಗಿ ಕೊಡಿ. ಅವರಲ್ಲಿ ಬಹಳ ಮಂದಿಗೆ ಕೈಗವಸು ಇರುವುದಿಲ್ಲ.